ನಾಯಿಯ ಭಾವಚಿತ್ರವೂ ನಮ್ಮ ತಾಳ್ಮೆಯೂ

ಯಡ್ರಾಮಿಯ ಮನೆಗಳಲ್ಲಿ ಹಿರಿಯರ ಭಾವಚಿತ್ರಗಳು ಗೋಡೆಯನ್ನಲಂಕರಿಸುತ್ತವೆ. ಹೊಲದ ಜೋಳವನ್ನೂ ಹಟ್ಟಿಯ ಕುರಿಗಳನ್ನೂ ಕಾಯ್ದ ನಾಯಿಗೆ ಅಲ್ಲಿ ಸ್ಥಳ ದೊರೆಯುವುದು ಅಪರೂಪ. ಇದು ಕೃತಘ್ನತೆಯೆಂದೇ ನಮ್ಮ ಅಭಿಪ್ರಾಯವು.

ಛಾಯಾಗ್ರಹಣದ ಆರಂಭಕಾಲದಲ್ಲಿ ಫಲಕದ ಮೇಲೆ ಚಿತ್ರವು ಮೂಡಲು ಹಲವು ಸೆಕೆಂಡುಗಳು ಬೇಕಾಗುತ್ತಿದ್ದುದರಿಂದ, ಬಾಲವಾಡಿಸಿದ ನಾಯಿಯು ಬಾಲವೇ ಇಲ್ಲದಂತೆ ಕಾಣುತ್ತಿತ್ತು. ಈಗ ಸೆಕೆಂಡಿನ 500ರಲ್ಲೊಂದು ಪಾಲು ಸಾಕು. ಆದರೂ ನಾಯಿಯು ನಮ್ಮ ಆಜ್ಞೆಗೆ ಕಾಯದು. ಕುಳ್ಳಿರೆಂದರೆ ಏಳುವುದು, ಕರೆದರೆ ಬಂದು ಕ್ಯಾಮರಾದ ಕಣ್ಣನ್ನೇ ನೆಕ್ಕುವುದು. ಬಟ್ಟೆ ತೊಡಿಸಿ, ಕೊರಳು ಹಿಡಿದು ಕುಳ್ಳಿರಿಸುವವರನ್ನು ನಾವು ಒಪ್ಪಲಾರೆವು. ಆ ಚಿತ್ರದಲ್ಲಿ ಭಯವೊಂದೇ ಉಳಿಯುವುದು. ನೆಲಕ್ಕೆ ಮೊಣಕಾಲೂರಿ, ಅದರ ಕಣ್ಣಿನ ಮಟ್ಟಕ್ಕಿಳಿದು, ಬೆಳಗಿನ ಎಳೆಬಿಸಿಲಿನಲ್ಲಿ ಕಾಯಬೇಕು. ಹತ್ತು ಚಿತ್ರಗಳು ಕೆಟ್ಟ ಬಳಿಕ, ಪರಿಚಿತ ಹೆಜ್ಜೆಯ ಸಪ್ಪಳಕ್ಕೆ ಅದು ಕಿವಿ ನಿಮಿರಿಸಿದ ಕ್ಷಣವು ದೊರೆತಾಗಿನ ಆನಂದವು ಹೇಳತೀರದು.

ನಮ್ಮ ನಾಡಿನ ಮುಧೋಳದ ಬೇಟೆನಾಯಿಯ ಚಿತ್ರವನ್ನು ಅಂಚೆ ಇಲಾಖೆಯು 2005ರಲ್ಲಿ ಅಂಚೆಚೀಟಿಯ ಮೇಲೆ ಮುದ್ರಿಸಿತು. ಕುಲದ ಹೆಸರಿಲ್ಲದ ಊರನಾಯಿಗೆ ಆ ಮನ್ನಣೆಯನ್ನು ಮನೆಯವರೇ ಕೊಡಬೇಕು. ನಾಯಿಯ ಆಯುಸ್ಸು ಅಲ್ಪವಾದುದು. ಆದುದರಿಂದ ಸೋದರಿಯರೇ, ಪೋಷಕರೇ, ನಾಳೆಗೆಂದು ತಡೆಯದಿರಿ.