ಒದ್ದು ಓಡಿದ ಹುಡುಗ

ಅಮೆರಿಕದ ದಕ್ಷಿಣ ಸೀಮೆಯಿಂದ ನ್ಯೂ ಹೇವನ್ ನಗರಕ್ಕೆ ಬಂದಿಳಿದ ಎಂಟು ವರ್ಷದ ಹುಡುಗನನ್ನು ಅವನ ಚಿಕ್ಕಮ್ಮ ಕೆಲಸಕ್ಕೆ ಹೋಗುವ ದಾರಿಯಲ್ಲಿ ಶಾಲೆಗೆ ಬಿಟ್ಟು ಹೋದಳು. ತರಗತಿಯಲ್ಲಿ ಗುರುತಿನ ಮುಖ ಒಂದೂ ಇಲ್ಲ. ಹುಡುಗ ಟೀಚರ ಕಾಲಿಗೆ ಒದ್ದು ಹೊರಗೋಡಿದ.

ಇಂಥವನಿಗೆ ಶಾಲೆಗಳು ಕೊಡುವ ಔಷಧ ಗೊತ್ತಿದ್ದದ್ದೇ: ಹೆಡ್‌ಮಾಸ್ತರರ ಕೋಣೆ, ಬೈಗುಳ, ಪುಂಡನೆಂಬ ಪಟ್ಟ. ಮಕ್ಕಳ ಮನೋವೈದ್ಯ ಜೇಮ್ಸ್ ಕಾಮರ್ ಅವರ ತಂಡವಿದ್ದ ಶಾಲೆ ಮಾತ್ರ ಆ ಒದೆಯಲ್ಲಿ ಭಯವನ್ನು ಕಂಡಿತು. ಹೊಸ ಮಕ್ಕಳನ್ನು ಬರಮಾಡಿಕೊಳ್ಳುವ ತನ್ನ ರೀತಿಯನ್ನೇ ಬದಲಿಸಿಕೊಂಡಿತು.

ಕಾಮರ್ 1934ರಲ್ಲಿ ಇಂಡಿಯಾನಾದ ಕಪ್ಪು ಕುಟುಂಬವೊಂದರಲ್ಲಿ ಹುಟ್ಟಿದವರು. ಅಪ್ಪ ಉಕ್ಕಿನ ಕಾರ್ಖಾನೆಯ ಕೂಲಿ, ಅಮ್ಮ ಮ್ಯಾಗಿ ಮನೆಗೆಲಸದವರು. ಜೊತೆಗೆ ಶಾಲೆ ಸೇರಿದ ಮೂವರು ಗೆಳೆಯರು ಬುದ್ಧಿಯಲ್ಲಿ ಇವರಿಗೇನೂ ಕಡಿಮೆಯಿರಲಿಲ್ಲ. ಒಬ್ಬ ಕುಡಿತಕ್ಕೆ ಬಲಿಯಾದ, ಒಬ್ಬ ಜೈಲು ಸೇರಿದ, ಇನ್ನೊಬ್ಬ ಮಾನಸಿಕ ಆಸ್ಪತ್ರೆಗೆ ಅಲೆದ. ತನಗೆ ಸಿಕ್ಕ ಯಾವುದು ಅವರಿಗೆ ಸಿಗಲಿಲ್ಲ ಎಂಬ ಪ್ರಶ್ನೆ ಕಾಮರ್ ಅವರನ್ನು ಬಿಡಲಿಲ್ಲ.

1968ರಲ್ಲಿ ಯೇಲ್ ವಿಶ್ವವಿದ್ಯಾಲಯದ ಮಕ್ಕಳ ಅಧ್ಯಯನ ಕೇಂದ್ರದಿಂದ ಅವರು ನ್ಯೂ ಹೇವನ್‌ನ ಎರಡು ಬಡ ಶಾಲೆಗಳಿಗೆ ಹೋದರು. ಮೊದಲ ವರ್ಷ ಗೊಂದಲವೋ ಗೊಂದಲ, ಪೋಷಕರು ಸಿಟ್ಟಿಗೆದ್ದರು. ಆಮೇಲೆ ಹೆಡ್‌ಮಾಸ್ತರ್, ಶಿಕ್ಷಕರು, ಪೋಷಕರು, ಮನೋವೈದ್ಯ ತಂಡದವರು ಒಟ್ಟಿಗೆ ಕೂತು ಶಾಲೆ ನಡೆಸುವುದನ್ನು ಕಲಿತರು. ನಿಯಮಗಳು ಮೂರೇ: ಒಬ್ಬರ ಮೇಲೊಬ್ಬರು ತಪ್ಪು ಹೊರಿಸಬಾರದು, ಮತಕ್ಕೆ ಹಾಕದೆ ಒಮ್ಮತಕ್ಕೆ ಬರಬೇಕು, ಕೂಡಿ ಕೆಲಸ ಮಾಡಬೇಕು. 1969ರಲ್ಲಿ ಈ ಶಾಲೆಗಳು ನಗರದ 33 ಶಾಲೆಗಳ ಪೈಕಿ ತಳದಲ್ಲಿದ್ದವು. 1984ರ ಹೊತ್ತಿಗೆ ಪ್ರಯೋಗ ಫಲ ಕೊಟ್ಟಿತು: ಯೋಜನೆಯ ಎರಡು ಶಾಲೆಗಳ ನಾಲ್ಕನೇ ತರಗತಿಯ ಮಕ್ಕಳು ಕಲಿಕೆಯಲ್ಲಿ ಮೂರನೇ, ನಾಲ್ಕನೇ ಸ್ಥಾನಕ್ಕೆ ಏರಿದರು. ಅವರ ಮನೆಗಳ ಬಡತನವೇನೂ ನೀಗಿರಲಿಲ್ಲ.

ಮೂರು ನಿಯಮಗಳಲ್ಲಿ ಮೊದಲನೆಯದೇ ಕಷ್ಟದ್ದು. ಮನೆಯಲ್ಲಿ ಸಂಸ್ಕಾರವಿಲ್ಲ ಎಂದು ಶಾಲೆ, ಶಾಲೆಯಲ್ಲಿ ಕಲಿಸುವುದಿಲ್ಲ ಎಂದು ಮನೆ: ಈ ಜಗಳದಲ್ಲಿ ಎರಡೂ ಕಡೆಯವರಿಗೆ ಒಂದು ಬಗೆಯ ನೆಮ್ಮದಿಯಿದೆ. ಅದನ್ನು ಬಿಟ್ಟುಕೊಟ್ಟರೆ ಕೆಲಸ ಶುರುಮಾಡಬೇಕಾಗುತ್ತದೆ. ನ್ಯೂ ಹೇವನ್‌ನಲ್ಲಿ ಆ ಕೆಲಸ ಫಲ ಕೊಡಲು ಹಿಡಿದದ್ದು ಹದಿನೈದು ವರ್ಷ. ವರ್ಷ ವರ್ಷವೂ ಫಲಿತಾಂಶ ಕೇಳುವ ಸರ್ಕಾರಗಳಿಗೆ ಈ ಲೆಕ್ಕ ಒಗ್ಗುವುದಿಲ್ಲ.

ಒದೆ ತಿಂದ ಟೀಚರ ನೋವನ್ನೂ ಮರೆಯಬಾರದು. ಗಣಿತ, ಭಾಷೆ ಹೇಳಿಕೊಡುವುದನ್ನು ಅವರಿಗೆ ಯಾರೋ ಕಲಿಸಿದ್ದರು. ಎಂಟು ವರ್ಷದ ಮಗು ಯಾಕೆ ಒದೆಯುತ್ತದೆ ಎನ್ನುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.