ಪಾವತಿಯಾಗದ ಪರಿಹಾರ ಲಾಭವೇ?

ನೆರೆಮನೆಯ ಯುವಕನೊಬ್ಬ ಲಾರಿ ಅಪಘಾತದಲ್ಲಿ ಕಾಲು ಕಳೆದುಕೊಂಡ. ಪರಿಹಾರದ ಹಣ ಕೈಸೇರಿದ್ದು ಆರನೆಯ ವರ್ಷ. ಅವನ ತಂದೆಯೊಡನೆ ವಕೀಲರ ಕಚೇರಿಗೆ ಅಲೆಯುತ್ತಿದ್ದ ದಿನಗಳಲ್ಲಿ ನನ್ನನ್ನು ಕಾಡಿದ ಪ್ರಶ್ನೆ ಒಂದೇ: ಅಷ್ಟೂ ಕಾಲ ಆ ಹಣ ಯಾರದಾಗಿತ್ತು?

ವಿಮಾ ಕಂಪನಿಯ ಲೆಕ್ಕದಲ್ಲಿ ಅದು ಇತ್ಯರ್ಥವಾಗದ ಕ್ಲೇಮುಗಳ ಮೀಸಲಿನಲ್ಲಿರುತ್ತದೆ. ಪ್ರೀಮಿಯಂ ಮೊದಲೇ ಬರುತ್ತದೆ, ಪರಿಹಾರ ತಡವಾಗಿ ಹೋಗುತ್ತದೆ. ಸಂಭವಿಸಿಯೂ ಕಂಪನಿಯ ಗಮನಕ್ಕೆ ಬಾರದ ನಷ್ಟಗಳಿಗೂ ಅಂದಾಜಿನ ಮೇಲೆ ಹಣ ತೆಗೆದಿರಿಸಬೇಕು. ಈ ಮೊತ್ತವನ್ನು ಕಳೆದು ತೆರಿಗೆ ವಿಧಿಸಬೇಕೆ, ಅಥವಾ ಅನಿಶ್ಚಿತ ಹೊಣೆಯೆಂದು ತಳ್ಳಿಹಾಕಬೇಕೆ ಎಂಬ ವಿವಾದ ನಮ್ಮಲ್ಲಿ ಹಲವು ಬಾರಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿಯ ಮೆಟ್ಟಿಲೇರಿದೆ.

ಕಳೆಯುವುದೇ ನ್ಯಾಯ. ಹೊಣೆ ಖಚಿತವಾಗಿದ್ದು, ಮೊತ್ತವನ್ನು ಸಾಕಷ್ಟು ನಿಖರವಾಗಿ ಅಂದಾಜಿಸಬಹುದಾದರೆ, ಪಾವತಿ ಮುಂದೆ ಆಗಬೇಕಿದ್ದರೂ ಅದು ವೆಚ್ಚವೇ ಎಂದು ಬೆಂಗಳೂರಿನ ಭಾರತ್ ಅರ್ತ್ ಮೂವರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2000ದಲ್ಲಿ ಹೇಳಿತು. ಆ ಪ್ರಕರಣದ ವಿಷಯವಾಗಿದ್ದ ರಜೆ ನಗದೀಕರಣದ ಮಟ್ಟಿಗೆ ಸಂಸತ್ತು ನಂತರ ನಿಯಮ ಬದಲಿಸಿತು ನಿಜ. ಆದರೆ ತತ್ವ ಉಳಿಯಿತು. ವಾರಂಟಿ ವೆಚ್ಚದ ಕುರಿತ 2009ರ ರೋಟಾರ್ಕ್ ತೀರ್ಪು ಅದನ್ನೇ ಎತ್ತಿಹಿಡಿಯಿತು.

ಹಾಗೆಂದು ಪೂರ್ತಿ ಮೊತ್ತವನ್ನು ಇಂದೇ ಕಳೆಯಲು ಬಿಡಬೇಕೆ? ಬಡ್ಡಿಯೂ ಸೇರಿ ಐದು ವರ್ಷಗಳ ನಂತರ 10 ಲಕ್ಷ ರೂಪಾಯಿ ಕೊಡಬೇಕಾಗುವ ಕ್ಲೇಮೊಂದಿದೆ ಎನ್ನಿ. ಶೇ 7ರ ದರದಲ್ಲಿ ಅದರ ಇಂದಿನ ಮೌಲ್ಯ ಸುಮಾರು 7.13 ಲಕ್ಷ. ಇಡೀ 10 ಲಕ್ಷವನ್ನು ಈ ವರ್ಷವೇ ಕಳೆದರೆ ಉಳಿದ 2.87 ಲಕ್ಷದ ಮೇಲಿನ ತೆರಿಗೆ ಮುಂದಕ್ಕೆ ಹೋಗುತ್ತದೆ. ಅದು ಖಜಾನೆ ಕೊಟ್ಟ ಬಡ್ಡಿರಹಿತ ಸಾಲ. ಕ್ಲೇಮು ಎಳೆದಷ್ಟೂ ಈ ಅನುಕೂಲ ಹೆಚ್ಚುತ್ತದೆ. ಸಂತ್ರಸ್ತನ ಕಾಯುವಿಕೆಗೆ ತೆರಿಗೆ ಕಾನೂನೇ ಬಹುಮಾನ ಕೊಟ್ಟಂತಾಗುತ್ತದೆ.

ಅಮೆರಿಕ ಈ ಲೋಪವನ್ನು 1986ರ ತೆರಿಗೆ ಸುಧಾರಣಾ ಕಾಯ್ದೆಯಿಂದ ಸರಿಪಡಿಸಿತು. ಅದುವರೆಗೆ ಪೂರ್ಣ ಮೊತ್ತವನ್ನೇ ಕಳೆಯುತ್ತಿದ್ದ ಕಂಪನಿಗಳು ಅಂದಿನಿಂದ, ಆಯಾ ಬಗೆಯ ವಿಮೆಯಲ್ಲಿ ಪರಿಹಾರ ಪಾವತಿಗೆ ಹಿಡಿಯುವ ಕಾಲವನ್ನು ಆಧರಿಸಿ, ಇಂದಿನ ಮೌಲ್ಯವನ್ನಷ್ಟೇ ಕಳೆಯಬೇಕಾಗಿದೆ. 2017ರ ತಿದ್ದುಪಡಿ ಬಡ್ಡಿ ದರವನ್ನು ಕಾರ್ಪೊರೇಟ್ ಬಾಂಡುಗಳ ಪ್ರತಿಫಲಕ್ಕೆ ಜೋಡಿಸಿತು. ನಮ್ಮ 1961ರ ಆದಾಯ ತೆರಿಗೆ ಕಾಯ್ದೆ ಸಾಮಾನ್ಯ ವಿಮಾ ಕಂಪನಿಯ ಲೆಕ್ಕಪತ್ರವನ್ನೇ ಆಧಾರವಾಗಿಸಿತ್ತು; ಇಂಥ ಇಳಿಕೆ ಅದರಲ್ಲಿರಲಿಲ್ಲ.

ಮೀಸಲು ಕುಗ್ಗಿದರೆ ಕಂಪನಿಯ ಭದ್ರತೆ ಸಡಿಲವಾದೀತೆಂಬ ಆತಂಕ ಸಹಜ. ಆದರೆ ಎರಡು ಲೆಕ್ಕಗಳ ಉದ್ದೇಶವೇ ಬೇರೆ. ವಿಮಾ ನಿಯಂತ್ರಣ ಪ್ರಾಧಿಕಾರ ಪಾಲಿಸಿದಾರನ ರಕ್ಷಣೆಗಾಗಿ ಪೂರ್ಣ ಮೀಸಲನ್ನೇ ಕೇಳಲಿ; ತೆರಿಗೆ ಇಲಾಖೆ ಅದರ ಇಂದಿನ ಮೌಲ್ಯವನ್ನಷ್ಟೇ ಮಾನ್ಯ ಮಾಡಲಿ. ಆ ಯುವಕನ ಹಣ ಕಂಪನಿಯ ಲಾಭವಾಗಿರಲಿಲ್ಲ. ಅವನ ಆರು ವರ್ಷಗಳ ಕಾಯುವಿಕೆಯೂ ಯಾರಿಗೂ ಲಾಭವಾಗಬಾರದು.