ಕ್ಷಮಾದಾನದ ಗಡುವು

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ರೈತರಿಗೆ ‘ಅಕ್ರಮ-ಸಕ್ರಮ’ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸರಕಾರಿ ಜಮೀನನ್ನು ಅಪ್ಪಣೆಯಿಲ್ಲದೆ ಉಳುತ್ತ ಬಂದವರು ಬಗರ್ ಹುಕುಂ ಅರ್ಜಿ ಹಿಡಿದು ತಹಶೀಲ್ದಾರ ಕಚೇರಿಗೆ ಅಲೆದದ್ದು ಎಲ್ಲ ಊರುಗಳ ಕಥೆ. 1991ರಲ್ಲಿ ನಮೂನೆ 50, ಆ ದಶಕದ ಕೊನೆಗೆ ನಮೂನೆ 53, 2018ರಲ್ಲಿ ನಮೂನೆ 57. ಒಂದು ಗಡುವು ಮುಗಿದರೆ ಇನ್ನೊಂದು ನಮೂನೆ ಬಂದೀತೆಂದು ಜನ ಕಾಯುವುದೂ ಸುಳ್ಳಲ್ಲ.

ಜಮೀನಿಗೆ ಇರುವ ಈ ಪದ್ಧತಿ ಮನುಷ್ಯರಿಗೂ ಉಂಟು. ಪರದೇಶದಲ್ಲಿ ಕಾಗದಪತ್ರವಿಲ್ಲದೆ ಉಳಿದವರಿಗೆ ಅಲ್ಲಿನ ಸರಕಾರ ಕೊಡುವ ಮಾಫಿಯೇ ಕ್ಷಮಾದಾನ. ಅದರಲ್ಲಿ ಎರಡು ಬಗೆ. ‘ಇಲ್ಲೇ ಇರು’ ಎನ್ನುವುದು ಒಂದು, ‘ದಂಡವಿಲ್ಲದೆ ನಿನ್ನ ಊರಿಗೆ ಹೋಗು’ ಎನ್ನುವುದು ಇನ್ನೊಂದು.

ಅಮೆರಿಕ 1986ರಲ್ಲಿ ಮೊದಲ ಬಗೆಯದನ್ನು ಕೊಟ್ಟಿತು. ಸುಮಾರು 27 ಲಕ್ಷ ಜನ ಕಾನೂನುಬದ್ಧವಾಗಿ ನೆಲೆ ನಿಂತರು. ಕಾಗದವಿಲ್ಲದವರನ್ನು ದುಡಿಸಿಕೊಳ್ಳುವ ಮಾಲಿಕರಿಗೆ ದಂಡ ಎಂದೂ ಅದೇ ಕಾನೂನು ಹೇಳಿತ್ತು. ಮಾಫಿ ನಡೆದಷ್ಟು ಚುರುಕಾಗಿ ದಂಡ ನಡೆಯಲಿಲ್ಲ. ಎರಡು ದಶಕಗಳಲ್ಲಿ ಅಂಥ ವಲಸಿಗರ ಸಂಖ್ಯೆ ಒಂದು ಕೋಟಿ ದಾಟಿತು. ಈಗ ಅಲ್ಲಿ ಕ್ಷಮಾದಾನ ಎಂಬ ಶಬ್ದವೇ ಚುನಾವಣೆಯ ಬೈಗುಳ.

ಕನ್ನಡಿಗರಿಗೆ ಇನ್ನೂ ಹತ್ತಿರದ್ದು ಕೊಲ್ಲಿ ದೇಶಗಳ ಕಥೆ. ಅಲ್ಲಿಗೆ ಕೆಲಸಕ್ಕೆ ಹೋದವನ ವೀಸಾ ಒಬ್ಬ ಕಫೀಲನ, ಅಂದರೆ ಪ್ರಾಯೋಜಕ ಮಾಲಿಕನ, ಹೆಸರಿಗೆ ಕಟ್ಟಿರುತ್ತಿತ್ತು. ಪಗಾರ ಸಿಗಲಿಲ್ಲವೆಂದು ಅವನನ್ನು ಬಿಟ್ಟು ಪಕ್ಕದ ಅಂಗಡಿಗೆ ಸೇರಿದರೆ, ಸಕ್ರಮವಾಗಿ ವಿಮಾನ ಇಳಿದವನೇ ಅಕ್ರಮ. ಮಾಲಿಕ ವಾಸದ ಪರವಾನಗಿ ನವೀಕರಿಸದಿದ್ದರೂ ಅಷ್ಟೆ. ಗಡಿ ಕದ್ದು ದಾಟದೆಯೂ ಮನುಷ್ಯ ಅಪರಾಧಿಯಾಗುವ ಬಗೆ ಇದು.

ಸೌದಿ ಅರೇಬಿಯ 2011ರಲ್ಲಿ ‘ನಿತಾಖತ್’ ಎಂಬ ನಿಯಮ ತಂದಿತು. ಸ್ಥಳೀಯರಿಗೆ ಎಷ್ಟು ನೌಕರಿ ಕೊಟ್ಟಿದೆ ಎಂದು ಅಳೆದು, ಲಿಟ್ಮಸ್ ಕಾಗದ ಅದ್ದಿದಂತೆ ಕಂಪನಿಗಳಿಗೆ ಕೆಂಪು, ಹಳದಿ, ಹಸಿರು ಬಣ್ಣ ಹಚ್ಚಿದರು. ಕೆಂಪು ಬಂದ ಕಂಪನಿಯ ವಿದೇಶಿ ಕೆಲಸಗಾರರ ಪರವಾನಗಿ ನವೀಕರಣವಾಗುವಂತಿರಲಿಲ್ಲ. ಅದೇ ವರ್ಷ ಅರಬ್ ದೇಶಗಳಲ್ಲಿ ಯುವಕರು ಬೀದಿಗಿಳಿದಿದ್ದರು. ಸ್ವಂತ ದೇಶದ ನಿರುದ್ಯೋಗಿಗಳನ್ನು ಸಮಾಧಾನಪಡಿಸುವುದು ರಿಯಾದಿಗೆ ತುರ್ತಾಗಿತ್ತು. ಆದರೆ ಕಟ್ಟಡ ಕಟ್ಟುವ ಕೈಗಳೂ ಬೇಕಲ್ಲ! ಹಾಗಾಗಿ 2013ರಲ್ಲಿ ನವೆಂಬರ್ 3ರವರೆಗೆ ಗಡುವು ಕೊಟ್ಟು, ಬೇಕಾದವರಿಗೆ ಕಾಗದ ಸರಿಪಡಿಸಿಕೊಳ್ಳಲು, ಉಳಿದವರಿಗೆ ದಂಡವಿಲ್ಲದೆ ಹೊರಡಲು ಬಿಟ್ಟರು. ಒಂದು ಲಕ್ಷಕ್ಕೂ ಹೆಚ್ಚು ಭಾರತೀಯರು ಹಿಂದಿರುಗಿದರು. ಕ್ಷಮಿಸಿದ್ದು ಕೆಲಸಗಾರನನ್ನು, ಅವನನ್ನು ಆ ಸ್ಥಿತಿಗೆ ತಂದ ಮಾಲಿಕನ ಲೆಕ್ಕ ಕೇಳಿದವರು ಕಡಿಮೆ. ಸಂಯುಕ್ತ ಅರಬ್ ಸಂಸ್ಥಾನವೂ 2007, 2018, 2024ರಲ್ಲಿ ಇಂಥ ಗಡುವುಗಳನ್ನು ಸಾರಿತು.

ಇದರ ಒಂದು ತುದಿ ನೇರವಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಗೆ ಬಂದು ತಾಗುತ್ತದೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇ.ಸಿ.ಆರ್.’ ಎಂಬ ಗುರುತು ಬೀಳುತ್ತದೆ. ಅಂಥವರು ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ, 1983ರ ವಲಸೆ ಕಾಯ್ದೆಯಂತೆ ಸರಕಾರದ ಅನುಮತಿ ಬೇಕು. ಆಗ ಕರಾರು ಪತ್ರ, ಪಗಾರ ಎಲ್ಲವನ್ನೂ ಅಧಿಕಾರಿಗಳು ನೋಡುತ್ತಾರೆ. ಪಾಸಾದವರಿಗೆ ಈ ತಪಾಸಣೆ ಇಲ್ಲ.

ಇದನ್ನು ತಪ್ಪಿಸಲು ಏಜೆಂಟರು ಹುಡುಗನನ್ನು ಪ್ರವಾಸಿ ವೀಸಾದ ಮೇಲೆ ವಿಮಾನ ಹತ್ತಿಸುತ್ತಾರೆ. ‘ಅಲ್ಲಿ ಹೋದ ಮೇಲೆ ಬದಲಾಯಿಸೋಣ’ ಎನ್ನುತ್ತಾರೆ. ಕೆಲಸಕ್ಕೆ ಕೈ ಹಚ್ಚಿದ ದಿನದಿಂದಲೇ ಹುಡುಗ ಅಕ್ರಮ. ಹೊಲ ಒತ್ತೆಯಿಟ್ಟು ದುಡ್ಡು ಹೊಂದಿಸುವ ತಂದೆ ಅದಕ್ಕೆ ಮೊದಲೇ ಏಜೆಂಟನ ನೋಂದಣಿ ಸಂಖ್ಯೆ ಕೇಳಿ, ಕೇಂದ್ರ ಸರಕಾರದ ಇ-ಮೈಗ್ರೇಟ್ ಪಟ್ಟಿಯಲ್ಲಿ ಹೋಲಿಸಿ ನೋಡಬೇಕು. ವೀಸಾದ ಮೇಲೆ ‘ಉದ್ಯೋಗ’ ಎಂದಿದೆಯೋ ‘ಭೇಟಿ’ ಎಂದಿದೆಯೋ ಮಗನಿಂದಲೇ ಓದಿಸಬೇಕು. ಪಾಸ್‌ಪೋರ್ಟ್, ವೀಸಾ, ಕರಾರು ಪತ್ರದ ಒಂದೊಂದು ಜೆರಾಕ್ಸ್ ಮನೆಯ ಟ್ರಂಕಿನಲ್ಲಿ ಉಳಿಯಲಿ.